‘ಮಗು ಎಲ್ಲಿ?’ ಎಂದು ಕೇಳಿದ ಕಿಟಕಿಗೆ

ಶಿವಮೊಗ್ಗ ಜಿಲ್ಲೆಯ ಆರೋಗ್ಯ ಇಲಾಖೆಯ ಮತ್ತು ವಿಕಲಚೇತನರ ಇಲಾಖೆಯ ಅಧಿಕಾರಿಗಳಿಗೆ, ಜೊತೆಗೆ ಇದನ್ನು ಓದುವ ನಮ್ಮ ಮಲೆನಾಡಿನ ಎಲ್ಲರಿಗೂ,

ನಮಸ್ಕಾರ.

ನನಗೆ 43 ವರ್ಷ. ತೀರ್ಥಹಳ್ಳಿ ಕಡೆಯವನು. ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಶಿವಮೊಗ್ಗದ ಬಸ್ಸು ಹತ್ತಿದೆ. ಮನಸ್ಸಿನಲ್ಲಿ ಒಂದೇ ಒಂದು ವಾಕ್ಯ ಇತ್ತು. ಅದನ್ನು ಮಂಡಗದ್ದೆ ದಾಟಿ, ಸಕ್ರೆಬೈಲು ದಾಟಿ, ಗಾಜನೂರು ಬರುವ ತನಕ ಬಾಯಿಪಾಠ ಮಾಡಿಕೊಂಡೆ. ಆಸ್ಪತ್ರೆಯ ಚೀಟಿ ಕಿಟಕಿಯ ಮುಂದೆ ನನ್ನ ಸರದಿ ಬಂದಾಗ ಸರಿಯಾಗಿಯೇ ಹೇಳಿದೆ. ‘ಆಟಿಸಂ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕಿತ್ತು.’

ಒಳಗಿದ್ದವರು ತಲೆ ಎತ್ತಲಿಲ್ಲ. ‘ಮಗು ಎಲ್ಲಿ?’ ಅಂದರು.

ಈ ಪ್ರಶ್ನೆಗೆ ನಾನು ಉತ್ತರ ಬಾಯಿಪಾಠ ಮಾಡಿರಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ನಿಂತೆ. ‘ಮಗು ಇಲ್ಲ. ನನಗೇ’ ಅಂದೆ. ಆಗ ಅವರು ತಲೆ ಎತ್ತಿ ನೋಡಿದರು. ‘ಚೆನ್ನಾಗೇ ಮಾತಾಡ್ತಿದ್ದೀರಲ್ಲ ಸಾರ್. ಅದು ಮಕ್ಕಳಿಗೆ ಬರೋದು’ ಅಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕೊನೆಗೆ ಚೀಟಿಯ ಮೇಲೆ ಏನೋ ಬರೆದು ಇನ್ನೊಂದು ಕೋಣೆಗೆ ಕಳಿಸಿದರು. ಅಲ್ಲಿ ನನ್ನ ಬಿಪಿ ನೋಡಿದರು. ಬಿಪಿ ಸರಿ ಇತ್ತು. ಮಧ್ಯಾಹ್ನದ ಬಸ್ಸಿಗೆ ಊರಿಗೆ ವಾಪಸ್ ಬಂದೆ.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಆ ಕಿಟಕಿಯವರ ಮೇಲೆ ನನಗೆ ಸಿಟ್ಟೂ ಇಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಆದರೆ ಆ ಎರಡು ಪದ ನನ್ನ ತಲೆಯಲ್ಲಿ ಹಾಗೇ ಕೂತಿವೆ. ಆಟಿಸಂ ಅಂದರೆ ಜನರ ಜೊತೆ ಬೆರೆಯುವ, ಮಾತಾಡುವ, ಸದ್ದು ತಾಳಿಕೊಳ್ಳುವ ರೀತಿ ಚಿಕ್ಕಂದಿನಿಂದಲೇ ಬೇರೆ ಇರುವುದು, ಬದುಕಿನುದ್ದಕ್ಕೂ ಹಾಗೇ ಇರುವುದು. ಆದರೂ ನಮ್ಮಲ್ಲಿ ಅದರ ಹೆಸರು ಎತ್ತಿದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ‘ಮಗು ಎಲ್ಲಿ?’ ಅನ್ನುವ ಪ್ರಶ್ನೆಯೇ. ಕಿಟಕಿಯಲ್ಲಿ, ನಮೂನೆಯಲ್ಲಿ, ಯೋಜನೆಯಲ್ಲಿ, ಗೋಡೆಯ ಪೋಸ್ಟರಿನಲ್ಲಿ ಎಲ್ಲಾ ಕಡೆ ಒಂದು ಮಗು, ಪಕ್ಕದಲ್ಲಿ ಒಬ್ಬ ತಾಯಿ. ಆ ಮಗು ದೊಡ್ಡದಾದ ಮೇಲೆ ಎಲ್ಲಿ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ.

ಎಲ್ಲಿಗೂ ಹೋಗುವುದಿಲ್ಲ ಸ್ವಾಮಿ. ಇಲ್ಲೇ ಇರುತ್ತದೆ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತದೆ.

ನನ್ನ ಕಥೆ ಸ್ವಲ್ಪ ಹೇಳಬೇಕು. 17 ವರ್ಷ ನಾನು ಮಂಡಿಯ ಒಳಕೋಣೆಯಲ್ಲಿ ಕೆಲಸ ಮಾಡಿದೆ. ಒಂದು ಮೇಜು, ಒಂದು ಕಿಟಕಿ, ಗೋಡೆಗೆ ಒರಗಿಸಿದ ಅಡಿಕೆ ಚೀಲಗಳು. ಸರಕು, ಬೆಟ್ಟೆ, ರಾಶಿ, ಗೊರಬಲು, ಇವುಗಳಲ್ಲಿ ಯಾವ ಬಗೆಯ ಅಡಿಕೆ ಎಂದು ಚೀಲದೊಳಗೆ ಕೈ ಹಾಕಿದರೆ ಸಾಕು, ನನಗೆ ಗೊತ್ತಾಗುತ್ತಿತ್ತು. ಒಂದು ವರ್ಷದ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ಹುಡುಕಿ ತೆಗೆಯುತ್ತಿದ್ದೆ. ಮಾಲೀಕರು ಒಳ್ಳೆಯವರು. ‘ಅವನು ಒಂಥರಾ, ಆದರೆ ಲೆಕ್ಕದಲ್ಲಿ ಗಟ್ಟಿ’ ಅನ್ನುತ್ತಿದ್ದರು.

‘ಒಂಥರಾ.’ ನಮ್ಮ ಕಡೆ ಇದಕ್ಕಿಂತ ದೊಡ್ಡ ರೋಗನಿರ್ಣಯ ಇಲ್ಲ. ಹುಟ್ಟಿದಾಗಿನಿಂದ ನನಗೆ ಇದೇ ಹೆಸರು. ಪುಸ್ತಕದಲ್ಲಿ ‘ಸ್ವಲೀನತೆ’ ಅಂತ ಬರೆಯುತ್ತಾರೆ. ಆ ಪದವನ್ನು ಬಾಯಿಬಿಟ್ಟು ಹೇಳಿದವರನ್ನು ನಾನು ಇನ್ನೂ ನೋಡಿಲ್ಲ.

ಆಮೇಲೆ ಮಂಡಿ ಹೊಸದಾಯಿತು. ಗೋಡೆ ಒಡೆದರು, ಗಾಜು ಹಾಕಿದರು, ಎಲ್ಲರನ್ನೂ ಒಂದೇ ಹಾಲಿನಲ್ಲಿ ಕೂರಿಸಿದರು. ನನ್ನ ಮೇಜು ಬಾಗಿಲ ಪಕ್ಕಕ್ಕೆ ಬಂತು. ಬಲಗಡೆ ನೋಟು ಎಣಿಸುವ ಯಂತ್ರ. ಎಡಗಡೆ ಎರಡು ಫೋನು. ಎದುರಿಗೆ ರೈತರು. ಬಂದವರೆಲ್ಲ ‘ಏನ್ರೀ, ಮಳೆ ಹೆಂಗೆ?’ ಅನ್ನುತ್ತಾರೆ. ನಾನು ‘ನಿನ್ನೆ ಬೆಳಿಗ್ಗೆ ಎಂಟರಿಂದ ಇವತ್ತು ಎಂಟರವರೆಗೆ ಮೂರೂಕಾಲು ಇಂಚು’ ಅನ್ನುತ್ತೇನೆ. ನಾನು ದಿನಾ ಅಳೆದು ಬರೆದಿಡುವವನು, ನನ್ನ ಹತ್ತಿರ ಸರಿಯಾದ ಲೆಕ್ಕ ಇರುತ್ತದೆ. ಅದು ಮಳೆ ಕೇಳುವ ಮಾತಲ್ಲ, ಕುಶಲ ಕೇಳುವ ಮಾತು ಅಂತ ನನಗೆ ಹೊಳೆದದ್ದು ಮೂವತ್ತು ದಾಟಿದ ಮೇಲೆ. ಹೊಳೆದ ಮೇಲೂ ಬಾಯಿ ಇಂಚಿನ ಕಡೆಗೇ ಹೋಗುತ್ತದೆ.

ಹೊಸ ಹಾಲಿನಲ್ಲಿ ಕೂತು ಆರು ತಿಂಗಳಿಗೆ ನಾನು ಕುಸಿದೆ. ಸಂಜೆ ಮನೆಗೆ ಬಂದರೆ ಮಾತೇ ಹೊರಡುತ್ತಿರಲಿಲ್ಲ. ಬೇಕು ಅಂತ ಸುಮ್ಮನಿರುವುದಲ್ಲ. ಪದಗಳು ಬಾಯಿಗೆ ಬರುತ್ತಿರಲಿಲ್ಲ. ಹೆಂಡತಿಗೆ ನಾನು ಮುನಿಸಿಕೊಂಡಿದ್ದೇನೆ ಅನ್ನಿಸುತ್ತಿತ್ತು. ಅಟ್ಟ ಹತ್ತಿ ಕತ್ತಲಲ್ಲಿ ಮಲಗುತ್ತಿದ್ದೆ. ಹಂಚಿನ ಮೇಲೆ ಮಳೆ ಬೀಳುತ್ತಿದ್ದರೆ ಸ್ವಲ್ಪ ಸಮಾಧಾನ. ಆಗುಂಬೆ ಸೀಮೆಯ ಮಳೆಗೆ ಹೆದರುವವರು ಇದ್ದಾರೆ. ನನಗೆ ಅದು ಒಂದೇ ಸದ್ದು, ಗಂಟೆಗಟ್ಟಲೆ ಬದಲಾಗದ ಸದ್ದು. ಮೇಲಾಗಿ ಜೋರು ಮಳೆಗೆ ನೆಂಟರು ಬರುವುದಿಲ್ಲ.

ಒಬ್ಬ ಡಾಕ್ಟರು ಖಿನ್ನತೆ ಅಂದರು. ಒಂದು ವರ್ಷ ಮಾತ್ರೆ ನುಂಗಿದೆ. ನಿದ್ದೆ ಜಾಸ್ತಿ ಆಯಿತು, ನೋಟಿನ ಯಂತ್ರದ ಸದ್ದು ಕಮ್ಮಿ ಆಗಲಿಲ್ಲ. ಆಟಿಸಂ ಎಂಬ ಪದ ಮೊಬೈಲಿನಲ್ಲಿ ಒಂದು ವಿಡಿಯೊದಲ್ಲಿ ಸಿಕ್ಕಿತು. ವಿಡಿಯೊ ನೋಡಿ ರೋಗ ಹಚ್ಚಿಕೊಳ್ಳುವವರ ಬಗ್ಗೆ ನನಗೂ ನಗು ಬರುತ್ತದೆ. ಆದ್ದರಿಂದಲೇ ಆ ಕಿಟಕಿಗೆ ಹೋದದ್ದು. ಹೌದೋ ಅಲ್ಲವೋ ತಿಳಿದವರು ಹೇಳಲಿ ಅಂತ.

ಬಿಪಿ ನೋಡಿಸಿಕೊಂಡು ಬಂದ ಮೇಲೆ ಎಂಟು ತಿಂಗಳು ಎಲ್ಲಿಗೂ ಹೋಗಲಿಲ್ಲ. ಆಮೇಲೆ ಹೆಂಡತಿಯೇ ವಿಚಾರಿಸಿ ಒಂದು ಮಂಗಳವಾರ ಕರೆದುಕೊಂಡು ಹೋದಳು. ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ ಅಂತ ಒಂದು ಕಾರ್ಯಕ್ರಮ ಇದೆ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಒಳ್ಳೆಯ ಕೆಲಸ. ಅವತ್ತು ಬಂದಿದ್ದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಇಪ್ಪತ್ತು ನಿಮಿಷ ಕೇಳಿಸಿಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, ‘ನನಗೂ ಅನುಮಾನ ಇದೆ. ಆದರೆ ಇದನ್ನು ನೋಡೋಕೆ ಎರಡು ಮೂರು ಗಂಟೆ ಬೇಕು. ಹೊರಗೆ ನಲವತ್ತು ಜನ ಕೂತಿದ್ದಾರೆ’ ಅಂದರು. ಬೆಂಗಳೂರಿಗೆ ಒಂದು ಪತ್ರ ಬರೆದುಕೊಟ್ಟರು.

ಬೆಂಗಳೂರು ಇಲ್ಲಿಂದ ಸುಮಾರು 300 ಕಿಲೋಮೀಟರ್ ಮೇಲೆ. ಮೂರು ಸಲ ಹೋದೆ. ಎರಡನೇ ಸಲ ಅಮ್ಮನನ್ನೂ ಕರೆದುಕೊಂಡು ಬರಬೇಕು ಅಂದರು. ಅಮ್ಮನಿಗೆ 74 ವರ್ಷ, ಮೊಣಕಾಲು ನೋವು. ಸೋಗಾನೆಯಲ್ಲಿ ವಿಮಾನ ನಿಲ್ದಾಣ 2023ರಲ್ಲಿ ಆಯಿತು. ನಮ್ಮ ಮನೆಯಲ್ಲಿ ಅದನ್ನು ಇನ್ನೂ ಯಾರೂ ಒಳಹೊಕ್ಕು ನೋಡಿಲ್ಲ. ನಾವು ಹೋದದ್ದು ರಾತ್ರಿ ಬಸ್ಸಿನಲ್ಲೇ.

ಅಮ್ಮ ಯಾಕೆ ಬೇಕಿತ್ತು ಅಂತ ಹೇಳುತ್ತೇನೆ. ಆಟಿಸಂಗೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮಾತಾಡಿಸಿ, ನೋಡಿ, ಹಳೆಯದನ್ನು ಕೇಳಿ ಗುರುತಿಸಬೇಕು. ಲಕ್ಷಣಗಳು ಚಿಕ್ಕಂದಿನಿಂದ ಇರಲೇಬೇಕು ಅನ್ನುವುದು ನಿಯಮ. ಆದರೆ ಅದೇ ನಿಯಮದ ಪಕ್ಕದಲ್ಲಿ ಇನ್ನೊಂದು ಮಾತೂ ಇದೆ. ಅಮೆರಿಕದ ಮನೋವೈದ್ಯರು 2013ರಲ್ಲಿ ಹೊರತಂದ, ಪ್ರಪಂಚದ ತುಂಬಾ ಬಳಸುವ ಕೈಪಿಡಿ ಅದನ್ನು ಹೇಳುತ್ತದೆ. ಸುತ್ತಲಿನ ಜಗತ್ತು ಕೇಳುವುದು ಆ ಮನುಷ್ಯನ ತಾಕತ್ತಿಗಿಂತ ಜಾಸ್ತಿ ಆಗುವ ತನಕ ಲಕ್ಷಣಗಳು ಪೂರ್ತಿ ಕಾಣಿಸದೇ ಇರಬಹುದು. ಕಲಿತ ಉಪಾಯಗಳ ಹಿಂದೆ ಅಡಗಿರಲೂಬಹುದು. ಇದನ್ನು ಓದಿದಾಗ ನನಗೆ ಮಂಡಿಯ ಒಳಕೋಣೆ ನೆನಪಾಯಿತು. ಆ ಗೋಡೆ ನಿಂತಿರುವ ತನಕ ನಾನು ‘ಒಂಥರಾ’ ಆಗಿದ್ದೆ, ಅಷ್ಟೇ. ಗೋಡೆ ಬಿದ್ದ ಮೇಲೆ ರೋಗಿಯಾದೆ.

ಡಾಕ್ಟರು ಅಮ್ಮನನ್ನು ಕೇಳಿದರು. ‘ಚಿಕ್ಕವನಿದ್ದಾಗ ಇವರು ಬೇರೆ ಮಕ್ಕಳ ಜೊತೆ ಆಡ್ತಿದ್ರಾ?’

‘ಆಟ ಎಂತದ್ದು? ಮನೆ ತುಂಬಾ ಕೆಲಸ. ಅವನಷ್ಟಕ್ಕೆ ಅವನು ಇರ್ತಿದ್ದ. ಎಂತ ತೊಂದ್ರೆ ಕೊಡ್ಲಿಲ್ಲಪ್ಪ.’

‘ಏನು ಮಾಡ್ತಿದ್ರು ಹಾಗಾದ್ರೆ?’

‘ಅಡಿಕೆ ಸಾಲು ಇಡ್ತಿದ್ದ. ಅಂಗಳದ ಈ ತುದಿಯಿಂದ ಆ ತುದಿಗೆ. ಒಂದು ಗಾತ್ರದ್ದೆಲ್ಲ ಒಂದು ಸಾಲು. ಯಾರಾದ್ರೂ ಮುಟ್ಟಿದ್ರೆ ಊರಿಗೆಲ್ಲ ಕೇಳೋ ಹಂಗೆ ಕಿರುಚ್ತಿದ್ದ. ಅದಕ್ಕೇ ಅವನ ಅಜ್ಜ ಅಂಗಳದ ಒಂದು ಮೂಲೆಯನ್ನ ಅವನಿಗೇ ಬಿಟ್ಟುಕೊಟ್ಟಿದ್ರು. ಆಳುಗಳೂ ಅದನ್ನ ದಾಟಿ ಹೋಗ್ತಿದ್ರು.’

ಡಾಕ್ಟರು ಬರೆದುಕೊಳ್ಳುತ್ತಿದ್ದರು. ಅಮ್ಮ ಅವರ ಪೆನ್ನನ್ನು ನೋಡಿದಳು, ನನ್ನನ್ನು ನೋಡಿದಳು. ಏನೋ ತಪ್ಪು ಹೇಳಿಬಿಟ್ಟೆ ಅನ್ನಿಸಿತೇನೋ. ‘ನನ್ನ ಮಗನಿಗೆ ಎಂತ ಆಗಿಲ್ಲ ಮಾರಾಯ್ರೇ. ಅವನು ಬಾಳ ಒಳ್ಳೆಯವನು’ ಅಂದಳು. ಒಳ್ಳೆಯವನಲ್ಲ ಅಂತ ಯಾರೂ ಹೇಳಿರಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಆ ಮೂಲೆಯ ಬಗ್ಗೆ ಯೋಚಿಸುತ್ತಿದ್ದೆ. ಹದಿನಾಲ್ಕು ಜನರ ಮನೆ ಅದು. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರ ತನಕ ಮೆಟ್ಟುಕತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಅಂಥ ಮನೆಯಲ್ಲಿ ಮಾತು ಕಮ್ಮಿ ಇರುವವನಿಗೂ ಒಂದು ಕೆಲಸ ಇರುತ್ತಿತ್ತು. ಚೊಗರು ಕಾಯಿಸು, ಚಪ್ಪರದ ಮೇಲೆ ಅಡಿಕೆ ಹರಡು, ಕಾಗೆ ಓಡಿಸು. ಅಜ್ಜನಿಗೆ ಆಟಿಸಂ ಎಂಬ ಪದ ಗೊತ್ತಿರಲಿಲ್ಲ. ಮೂಲೆ ಬಿಟ್ಟುಕೊಡುವುದು ಗೊತ್ತಿತ್ತು. ಹಾಗಂತ ಆ ಕಾಲ ಸ್ವರ್ಗ ಅಂತ ನಾನು ಹೇಳುವುದಿಲ್ಲ. ಶಾಲೆಯಲ್ಲಿ ಬೆತ್ತದ ರುಚಿ ಚೆನ್ನಾಗಿಯೇ ನೋಡಿದ್ದೇನೆ. ಮೇಷ್ಟ್ರು ‘ನಿನಗೆ ಬೇರೆ ಹೇಳಬೇಕಾ?’ ಅಂದರೆ ‘ಹೌದು’ ಅನ್ನುತ್ತಿದ್ದೆ. ಅದಕ್ಕೆ ಎರಡು ಏಟು.

ಇನ್ನು ಪ್ರಶ್ನೆಗಳ ವಿಷಯ. ನನ್ನ ಮುಂದೆ ಇಟ್ಟ ಹಾಳೆ ಇಂಗ್ಲಿಷಿನಲ್ಲಿತ್ತು. ಪಕ್ಕದಲ್ಲಿ ಕೂತ ಹುಡುಗಿ ಪಾಪ ಒಂದೊಂದನ್ನೇ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು. 2001ರಲ್ಲಿ ಇಂಗ್ಲೆಂಡಿನಲ್ಲಿ ಮಾಡಿದ 50 ಪ್ರಶ್ನೆಗಳ ಪಟ್ಟಿ ಅದು. ಪಾರ್ಟಿಗೆ ಹೋಗುವುದಕ್ಕಿಂತ ಗ್ರಂಥಾಲಯಕ್ಕೆ ಹೋಗುವುದು ಇಷ್ಟವೇ ಅನ್ನುವುದು ಒಂದು ಪ್ರಶ್ನೆ. ನಮ್ಮ ಕಡೆ ಪಾರ್ಟಿ ಅಂದರೆ ಒಂದೋ ರಾಜಕೀಯ, ಇಲ್ಲದಿದ್ದರೆ ಗುಂಡು. ‘ಯಾವ ಪಾರ್ಟಿ?’ ಅಂತ ಕೇಳಿದೆ. ಅವಳು ನಕ್ಕಳು. ನಾನು ನಿಜವಾಗಿಯೂ ಕೇಳಿದ್ದೆ.

ಅದರ ಬದಲು ನನ್ನನ್ನು ಮದುವೆ ಮನೆಯ ಬಗ್ಗೆ ಕೇಳಿದ್ದರೆ ಎಲ್ಲಾ ಹೇಳುತ್ತಿದ್ದೆ. ಯಾವ ಮದುವೆಗೆ ಹೋದರೂ ನಾನು ಬಡಿಸುವುದಕ್ಕೆ ನಿಲ್ಲುತ್ತೇನೆ. ಜನ ನನ್ನನ್ನು ಉಪಕಾರಿ ಅನ್ನುತ್ತಾರೆ. ವಿಷಯ ಅದಲ್ಲ. ಸಾರಿನ ಬಕೆಟ್ ಹಿಡಿದವನನ್ನು ಯಾರೂ ಕೂರಿಸಿಕೊಂಡು ಮಾತಾಡಿಸುವುದಿಲ್ಲ. ‘ಸಾರು, ಸಾರು’ ಅಂದರೆ ಸಾಕು. ಅಷ್ಟು ಮಾತು ನನಗೆ ಬರುತ್ತದೆ. ಹೀಗೆ ನೂರಾರು ಮದುವೆ ದಾಟಿದ್ದೇನೆ. ಕಲಿತ ಉಪಾಯ ಅಂದರೆ ಇದೇ. ಯಾವ ಇಂಗ್ಲಿಷ್ ಹಾಳೆಯಲ್ಲೂ ಸಾರಿನ ಬಕೆಟ್ ಇಲ್ಲ.

ಕಣ್ಣಿನ ವಿಷಯವೂ ಹಾಗೇ. ನಮ್ಮ ದೇಶದಲ್ಲೇ ಮಾಡಿದ ಒಂದು ಅಳತೆಪಟ್ಟಿ ಇದೆ, ಅದನ್ನು ‘ಇಸಾ’ ಅನ್ನುತ್ತಾರೆ. ಬೌದ್ಧಿಕ ವಿಕಲತೆ ಇರುವವರಿಗಾಗಿ ಸಿಕಂದರಾಬಾದಿನಲ್ಲಿ ಇರುವ ರಾಷ್ಟ್ರೀಯ ಸಂಸ್ಥೆಯವರು ಮಾಡಿದ್ದು. 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆಟಿಸಂ. ಸರ್ಕಾರದ ಪ್ರಮಾಣಪತ್ರಕ್ಕೆ ಇದೇ ಆಧಾರ. ಅದರಲ್ಲಿ ಮೊದಲನೇ ಅಂಶವೇ ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು. ನಮ್ಮ ಊರಲ್ಲಿ ಹಿರಿಯರ ಕಣ್ಣನ್ನು ದಿಟ್ಟಿಸಿ ಮಾತಾಡಿದರೆ ‘ಎಷ್ಟು ಧಿಮಾಕು ನೋಡು’ ಅನ್ನುತ್ತಾರೆ. ನೆಲ ನೋಡಿ ಮಾತಾಡಿದ ನನ್ನನ್ನು ಇಡೀ ಊರು ತಗ್ಗಿಬಗ್ಗಿ ನಡೆಯುವ ಹುಡುಗ ಅಂತ ಹೊಗಳಿತು. ನನಗೆ ಹೆಣ್ಣು ಸಿಕ್ಕಿದ್ದೇ ಆ ಗುಣಕ್ಕೆ! ಹೆಣ್ಣುಮಕ್ಕಳಲ್ಲಂತೂ ಇದು ಇನ್ನೂ ಜಾಸ್ತಿ. ಮಾತು ಕಮ್ಮಿ, ಒಳಗೇ ಇರುತ್ತಾಳೆ, ಎದುರು ನಿಂತು ನೋಡುವುದಿಲ್ಲ ಅಂದರೆ ಅದು ಸಂಭಾವಿತ ಮನೆತನದ ಲಕ್ಷಣ. ಅವಳು ಒಳಗೆ ಏನು ಅನುಭವಿಸುತ್ತಿದ್ದಾಳೆ ಅಂತ ಯಾವ ಪಟ್ಟಿ ಕೇಳುತ್ತದೆ?

ಮೂರನೇ ಸಲ ಹೋದಾಗ ಹೇಳಿದರು. ಹೌದು, ಆಟಿಸಂ. ಖಿನ್ನತೆ ಅದರ ಮೇಲೆ ಬಂದು ಕೂತದ್ದು. ನಾನು ‘ಸರಿ’ ಅಂದೆ. ಹೊರಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಆ ದಿನಗಳಲ್ಲಿ ನೀವು ನನ್ನ ಮೇಲೆ ಸಿಟ್ಟು ಮಾಡ್ಕೊಂಡಿರ್ಲಿಲ್ಲ ಅಂತಾಯ್ತು’ ಅಂದಳು.

‘ಈ ವಯಸ್ಸಲ್ಲಿ ಅದೆಲ್ಲ ಯಾಕೆ? ಮಾತ್ರೆ ಇದೆಯಾ?’ ಅಂತ ಊರಲ್ಲಿ ತುಂಬಾ ಜನ ಕೇಳಿದರು. ಮಾತ್ರೆ ಇಲ್ಲ. ಇದು ವಾಸಿ ಆಗುವ ಕಾಯಿಲೆಯೂ ಅಲ್ಲ. ಆದರೆ ಹೆಂಡತಿಯ ಆ ಒಂದು ಮಾತಿಗೆ ನಾನು ಇನ್ನೂ ಮೂರು ಸಲ ರಾತ್ರಿ ಬಸ್ಸು ಹತ್ತುತ್ತೇನೆ. ಅದಲ್ಲದೆ, ಡಾಕ್ಟರು ಬರೆದುಕೊಟ್ಟ ಕಾಗದ ತೋರಿಸಿದ ಮೇಲೆ ಮಾಲೀಕರು ನನ್ನ ಮೇಜನ್ನು ಗೋದಾಮಿನ ಮೂಲೆಗೆ ಹಾಕಿಸಿದರು. ಖರ್ಚು ಒಂದು ಟ್ಯೂಬ್‌ಲೈಟು. ಅದೂ ಗುಂಯ್ ಅನ್ನುತ್ತಿತ್ತು, ಆಮೇಲೆ ಬಲ್ಬು ಹಾಕಿದೆವು.

ಆಟಿಸಂ ಎಂದು ಮೊದಲು ದಾಖಲಾದ ಹುಡುಗನ ಕಥೆ ನಿಮಗೆ ಗೊತ್ತಿರಬಹುದು. ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ 11 ಮಕ್ಕಳ ಬಗ್ಗೆ ಬರೆದರು. ಅದರಲ್ಲಿ ಮೊದಲನೆಯವನು ಅಮೆರಿಕದ ಮಿಸಿಸಿಪ್ಪಿಯ ಡೊನಾಲ್ಡ್ ಟ್ರಿಪ್ಲೆಟ್. ಅವರು ದೊಡ್ಡವರಾದರು, ಕಾಲೇಜು ಓದಿದರು, ತಮ್ಮ ಊರಿನ ಬ್ಯಾಂಕಿನಲ್ಲಿ ಲೆಕ್ಕ ಬರೆದರು, ಗಾಲ್ಫ್ ಆಡಿದರು. 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಬ್ಯಾಂಕು ಅವರ ತಾಯಿಯ ಮನೆತನದ್ದು, ಅದೂ ನಿಜ. ಎಲ್ಲರಿಗೂ ಬ್ಯಾಂಕು ಇರುವ ಅಮ್ಮ ಸಿಗುವುದಿಲ್ಲ. ನಾನು ಹೇಳುವುದು ಇಷ್ಟೇ. ಪ್ರಪಂಚದ ಮೊದಲನೇ ಆಟಿಸಂ ಮಗುವೇ ಅಜ್ಜನಾಗುವ ವಯಸ್ಸು ದಾಟಿ ಹೋದ ಮೇಲೂ ನಮ್ಮ ಕಿಟಕಿಯಲ್ಲಿ ‘ಮಗು ಎಲ್ಲಿ’ ಅನ್ನುತ್ತಿದ್ದೇವೆ.

ತಪ್ಪು ಕಿಟಕಿಯದ್ದು ಮಾತ್ರ ಅಲ್ಲ. ಮಕ್ಕಳಿಗೆ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಹುಟ್ಟಿನಿಂದ 18 ವರ್ಷದವರೆಗೆ ಅಂಗನವಾಡಿ, ಶಾಲೆಗೇ ಬಂದು ನೋಡುತ್ತಾರೆ. ಬಹಳ ಒಳ್ಳೆಯದು. ಅದು ಶುರುವಾದದ್ದು 2013ರಲ್ಲಿ. ಆಗ ನನಗೆ 31. 1995ರ ಅಂಗವಿಕಲರ ಕಾನೂನಿನಲ್ಲಿ ಏಳು ಬಗೆ ಇದ್ದವು, ಆಟಿಸಂ ಇರಲಿಲ್ಲ. ಆಗ ನಾನು ಹೈಸ್ಕೂಲು. ಆಟಿಸಂನ ಹೆಸರು ಹೇಳಿದ ನ್ಯಾಷನಲ್ ಟ್ರಸ್ಟ್ ಕಾನೂನು 1999ರಲ್ಲಿ ಬಂತು. ಆಗ ನಾನು ಪಿಯುಸಿ. 21 ಬಗೆಗಳನ್ನು ಸೇರಿಸಿದ 2016ರ ಕಾನೂನು 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ನಾನು ಮಂಡಿಯ ಒಳಕೋಣೆಯಲ್ಲಿದ್ದೆ. ಬಸ್ಸು ಬರುತ್ತಲೇ ಇತ್ತು, ನಾನು ಪ್ರತಿ ಸಲವೂ ಒಂದು ಸ್ಟಾಪು ಮುಂದೆ ಇರುತ್ತಿದ್ದೆ. ನನ್ನ ವಯಸ್ಸಿನವರೆಲ್ಲ ಹೀಗೇ ತಪ್ಪಿಸಿಕೊಂಡವರು.

2016ರ ಕಾನೂನಿನ ಬಗ್ಗೆ ಇನ್ನೊಂದು ಮಾತು. ವಿಕಲತೆ ಶೇ 40 ಇದ್ದರೆ ಮೀಸಲಾತಿ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತು. ಶೇ 40 ಇಲ್ಲದಿದ್ದರೆ ಕಾಗದ ಕೊಟ್ಟು ಏನು ಪ್ರಯೋಜನ ಅಂತ ಕೇಳುವ ಅಭ್ಯಾಸವೂ ಇದೆ. ಆದರೆ ಕೆಲಸದ ಜಾಗದಲ್ಲಿ, ಪರೀಕ್ಷೆಯಲ್ಲಿ ಸಣ್ಣಪುಟ್ಟ ಅನುಕೂಲ ಕೇಳುವ ಹಕ್ಕಿಗೆ ಶೇ 40ರ ಗೆರೆ ಇಲ್ಲ. ಸುಪ್ರೀಂ ಕೋರ್ಟು 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ನನಗೆ ಮೀಸಲಾತಿ ಬೇಡ, ಪಿಂಚಣಿ ಬೇಡ. ಒಂದು ಮೂಲೆ ಬೇಕಿತ್ತು. ಮೂಲೆ ಕೇಳಲು ಒಂದು ಕಾಗದ ಬೇಕಿತ್ತು. ಮಾಲೀಕರು ಅಷ್ಟು ಒಳ್ಳೆಯವರಲ್ಲದೇ ಹೋಗಿದ್ದರೆ ಆ ಕಾಗದದ ಬೆಲೆ ಇನ್ನೂ ಜಾಸ್ತಿ.

ನನ್ನ ವಿಷಯ ಬಿಡಿ, ಹೇಗೋ ಆಯಿತು. ನನಗೆ ಓದು ಬರಹ ಬರುತ್ತದೆ, ಹೆಂಡತಿ ಗಟ್ಟಿ, ಸಂಬಳ ಇದೆ.

ನಮ್ಮ ಊರಿನಿಂದ ಆಚೆ, ಕಾಡಿನ ದಾರಿಯಲ್ಲಿ ಒಂದು ಮನೆ ಇದೆ. ಆ ಮನೆಯ ಮಗನಿಗೆ ನನಗಿಂತ ಜಾಸ್ತಿ ವಯಸ್ಸು. ಅವನು ಮಾತಾಡುವುದಿಲ್ಲ. ಊರವರು ಅವನಿಗೆ ಇಟ್ಟ ಹೆಸರುಗಳನ್ನು ಇಲ್ಲಿ ಬರೆಯುವುದು ಬೇಡ. ಅವನ ತಾಯಿ ಅವನನ್ನು ಎಷ್ಟು ದೇವಸ್ಥಾನ, ಎಷ್ಟು ದರ್ಶನದ ಪಾತ್ರಿಗಳ ಹತ್ತಿರ ಕರೆದುಕೊಂಡು ಹೋಗಿದ್ದಾರೋ ಲೆಕ್ಕ ಇಲ್ಲ. ಚಿಕ್ಕಂದಿನಲ್ಲಿ ಒಬ್ಬ ಡಾಕ್ಟರು ‘ಬುದ್ಧಿ ಬೆಳೆದಿಲ್ಲ’ ಅಂದಿದ್ದರಂತೆ. ಅಲ್ಲಿಗೆ ಮುಗಿಯಿತು, ಆಮೇಲೆ ಯಾರೂ ನೋಡಲಿಲ್ಲ.

ಹೋದ ವರ್ಷ ಯಾವುದೋ ಅಡಿಕೆ ಲೆಕ್ಕಕ್ಕೆ ಅವರ ಮನೆಗೆ ಹೋಗಿದ್ದೆ. ಅವನು ಜಗಲಿಯ ತುದಿಯಲ್ಲಿ ಕೂತಿದ್ದ. ಮುಂದೆ ಬಾಟಲಿಯ ಮುಚ್ಚಳಗಳ ಒಂದು ಸಾಲು. ಕೆಂಪು, ಕೆಂಪು, ನೀಲಿ. ಕೆಂಪು, ಕೆಂಪು, ನೀಲಿ. ನಾನು ಸ್ವಲ್ಪ ದೂರ, ಅವನ ಕಡೆ ನೋಡದೆ ಕೂತೆ. ಎಷ್ಟು ದೂರ ಕೂರಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸುಮಾರು ಹೊತ್ತಿನ ಮೇಲೆ ಅವನು ಒಂದು ನೀಲಿ ಮುಚ್ಚಳವನ್ನು ನನ್ನ ಕಡೆ ತಳ್ಳಿದ. ನಾನು ಅದನ್ನು ಎರಡು ಕೆಂಪಿನ ನಂತರ ಇಟ್ಟೆ. ಅವನ ತಾಯಿ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದರು. ಚಹಾ ಆರಿಹೋಯಿತು.

ನಾನು ಡಾಕ್ಟರಲ್ಲ. ಅವನದ್ದೂ ಆಟಿಸಂ ಅಂತ ಹೇಳಲು ನನಗೆ ಯಾವ ಅಧಿಕಾರವೂ ಇಲ್ಲ. ಆದರೆ ಯಾರಾದರೂ ಒಬ್ಬರು ಹೋಗಿ ನೋಡಬೇಕು, ಅಲ್ವಾ? ಅವನು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವುದು ಆಗದ ಮಾತು.

ಈಗ ಕೇಳುತ್ತೇನೆ. ಮಂಗಳವಾರದ ಡಾಕ್ಟರಿಗೆ ತಿಂಗಳಿಗೆ ಒಂದು ದಿನ ಬಿಡಿಸಿಕೊಡಿ. ಆ ದಿನ ಅವರು ನಲವತ್ತು ಜನರನ್ನು ನೋಡಬಾರದು, ಮೂರೇ ಜನ, ದೊಡ್ಡವರು. ಜೊತೆಗೆ ಒಬ್ಬ ಮನಶ್ಶಾಸ್ತ್ರಜ್ಞರು. ಯಂತ್ರ ಬೇಡ, ಕಟ್ಟಡ ಬೇಡ, ಸದ್ದು ಕಮ್ಮಿ ಇರುವ ಒಂದು ಕೋಣೆ ಸಾಕು. ಜಿಲ್ಲಾ ಮಾನಸಿಕ ಆರೋಗ್ಯದ ಇಡೀ ಯೋಜನೆಗೆ ದಾರಿ ತೋರಿಸಿದ್ದೇ ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಮಾಡಿ ತೋರಿಸಿದ್ದನ್ನು ದೇಶವೇ ತೆಗೆದುಕೊಂಡಿತು. ಬಳ್ಳಾರಿಗೆ ಆಗಿದ್ದು ಶಿವಮೊಗ್ಗಕ್ಕೆ ಯಾಕೆ ಆಗಬಾರದು? ಒಂದು ಜಿಲ್ಲೆಯಲ್ಲಿ ಶುರುವಾದರೆ ಸಾಕು.

ಬಂದವರಲ್ಲಿ ಎಲ್ಲರಿಗೂ ಆಟಿಸಂ ಇರುವುದಿಲ್ಲ. ಕೆಲವರದ್ದು ಬರೀ ಸಂಕೋಚ ಇರುತ್ತದೆ, ಕೆಲವರದ್ದು ಭಯ, ಗೀಳು, ಖಿನ್ನತೆ. ಅದನ್ನು ತಿಳಿದವರು ಬೇರ್ಪಡಿಸಬೇಕು, ನಾನು ರಾಶಿ ಬೆಟ್ಟೆ ಬೇರೆ ಮಾಡುವ ಹಾಗೆ. ‘ನಿನಗೆ ಇದು ಇಲ್ಲ’ ಅಂತ ಹೇಳಿಸಿಕೊಳ್ಳುವುದಕ್ಕೂ ಒಂದು ಬಾಗಿಲು ಬೇಕು. ಅದಿಲ್ಲ ಅಂತಲೇ ಜನ ಮೊಬೈಲಿನ ವಿಡಿಯೊ ನೋಡಿ ತಾವೇ ತೀರ್ಮಾನ ಮಾಡಿಕೊಳ್ಳುತ್ತಿರುವುದು.

ತಾಯಿಯನ್ನು ಕರೆದುಕೊಂಡೇ ಬನ್ನಿ ಅಂತ ಹಟ ಹಿಡಿಯಬೇಡಿ. ತಾಯಿ ಇಲ್ಲದವರಿಗೆ ಅಕ್ಕ ಇರಬಹುದು, ಚಿಕ್ಕಪ್ಪ ಇರಬಹುದು, ಹಳೆಯ ಮೇಷ್ಟ್ರು ಇರಬಹುದು. ಯಾರೂ ಇಲ್ಲದಿದ್ದರೆ ಆ ಮನುಷ್ಯನ ಮಾತನ್ನೇ ಕೇಳಿ. ಪ್ರಶ್ನೆಗಳನ್ನು ಕನ್ನಡದಲ್ಲಿ, ನಮ್ಮ ಬದುಕಿನಿಂದ ಎತ್ತಿ ಮಾಡಿಸಿ. ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ, ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಅವರಿಗೆ ಬರೆಯಲು ನಿಮಗೆ ಒಂದು ಕಾಗದ ಸಾಕು. ಸಾರಿನ ಬಕೆಟ್ ವಿಷಯ ಬೇಕಿದ್ದರೆ ನಾನು ಬಂದು ಹೇಳುತ್ತೇನೆ.

ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಲಹೆ ಕೊಡುವ ಸರ್ಕಾರದ ಟೆಲಿಮಾನಸ್ ನಂಬರು 14416, 2022ರಿಂದ ಇದೆ, ಹಗಲು ರಾತ್ರಿ. ತುಂಬಾ ಜನಕ್ಕೆ ಉಪಯೋಗ ಆಗಿರಬೇಕು. ಆದರೆ ಒಂದು ತಮಾಷೆ ನೋಡಿ. ನನ್ನಂಥವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಅಂದರೆ ಪರಿಚಯ ಇಲ್ಲದವರಿಗೆ ಫೋನ್ ಮಾಡುವುದು. ಆ ನಂಬರು ನನ್ನ ಚೀಟಿಯಲ್ಲಿ ಒಂದು ವರ್ಷ ಇತ್ತು. ಜಿಲ್ಲೆಯ ಆಸ್ಪತ್ರೆಗಳಲ್ಲಿ ಬರೆದು ಸರದಿ ಹಿಡಿಯುವ ದಾರಿ ಒಂದು ಇರಲಿ. ಒಂದು ವಾಟ್ಸಾಪ್ ನಂಬರು ಆದರೂ ಸರಿ.

ಕಿಟಕಿಯವರಿಗೆ ಒಂದು ಅರ್ಧ ದಿನ ತಿಳಿಸಿ ಹೇಳಿ. ‘ಮಗು ಎಲ್ಲಿ?’ ಅನ್ನುವ ಬದಲು ‘ಯಾರಿಗೆ?’ ಅಂದರೆ ಸಾಕು.

ಕೊನೆಯದು ಪಂಚಾಯಿತಿಗಳಲ್ಲಿ ವಿಕಲಚೇತನರಿಗಾಗಿ ಇರುವ ಪುನರ್ವಸತಿ ಕಾರ್ಯಕರ್ತರ ವಿಷಯ. ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ. ಅವರ ಪಟ್ಟಿಯಲ್ಲಿ ಇಪ್ಪತ್ತು, ಮೂವತ್ತು ವರ್ಷದ ಹಿಂದೆ ಯಾರೋ ಒಂದು ಪದ ಬರೆದು ಬಿಟ್ಟುಹೋದ ದೊಡ್ಡವರು ಇದ್ದಾರೆ. ಅವರನ್ನು ಇನ್ನೊಂದು ಸಲ ನೋಡಿಸಿ. ಆಸ್ಪತ್ರೆಗೆ ಬರಲಾಗದವರ ಮನೆಗೆ ಡಾಕ್ಟರನ್ನೇ ಕಳಿಸಿ.

ಕಾಡಿನ ದಾರಿಯ ಆ ಮನೆಯಿಂದ ಶುರು ಮಾಡಬಹುದು. ವಿಳಾಸ ಇಲ್ಲಿ ಬರೆಯುವುದಿಲ್ಲ, ಕಚೇರಿಗೆ ಬಂದು ಕೊಡುತ್ತೇನೆ. ಅವನು ಚಿಕ್ಕವನಿದ್ದಾಗ ಹೇಗಿದ್ದ ಅಂತ ಹೇಳಬಲ್ಲವರು ಒಬ್ಬರೇ, ಅವನ ತಾಯಿ. ಅವರಿಗೆ 80 ದಾಟಿದೆ. ಹೋಗುವುದಾದರೆ ಮೇ ತಿಂಗಳ ಒಳಗೆ ಹೋಗಿ. ಮಳೆ ಹಿಡಿದರೆ ಆ ದಾರಿಯಲ್ಲಿ ಜೀಪು ಹತ್ತುವುದಿಲ್ಲ.

ಇಂತಿ,
ಮಂಡಿಯ ಲೆಕ್ಕದವನು
ತೀರ್ಥಹಳ್ಳಿ ತಾಲ್ಲೂಕು